ಹೊಟ್ಟಿನ ಮೂಟೆಯ ಪೆಟ್ಟು

ಒಂದಾನೊಂದು ಕಾಲದಲ್ಲಿ, ಅಂದ್ರೆ ಜನ ತಮ್ಮ ನೆರಳು ನೋಡ್ಕೊಂಡೇ ಹೊತ್ತೆಷ್ಟಾಯ್ತು ಅಂತ ಹೇಳ್ತಿದ್ದ ಕಾಲದಲ್ಲಿ, ಬಂಡೆಕೆರೆ ಅಂತ ಒಂದೂರಿತ್ತಂತೆ. ಕಾಲು ಒಳಗೆ ಎಳ್ಕೋ ಮಗಾ, ಹೊದಿಕೆ ಜಾರ್ತಾ ಇದೆ. ಆ ತಮಟೆ ಕೋಲೆರಡನ್ನೂ ಮಂಚದ ಕೆಳಗೆ ಬಿಸಾಕಿ, ಈ ಪಾಠ ಯಾವ ಹಾಡಿಗೂ ಬರಲ್ಲ, ಸುಮ್ನೆ ದಿಂಬು ಬಡಿ ಅಂತಾರೆ, ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂತ ಮುಖ ಊದಿಸ್ಕೊಂಡು ಬಂದಿದೀಯಲ್ಲ, ಸರಿ, ಕೋಲು ಅಲ್ಲೇ ಬಿದ್ದಿರ್ಲಿ. ನಾನೇನೂ ಬುದ್ಧಿ ಹೇಳೋಕೆ ಬರಲ್ಲ. ಕತೆ ಹೇಳ್ತೀನಿ. ಹೆದರಿಕೆ ಆದ್ರೆ ನನ್ ಸೆರಗು ಹಿಡ್ಕೋ. ನಡುವೆ ಎದ್ದು ನೀರು ಬೇಕು ಅಂದ್ಯೋ, ಕತೆ ಅಲ್ಲಿಗೇ ನಿಲ್ಲುತ್ತೆ.

ಆ ಊರಿನ ಹಿಂದೆ ಒಂದು ಬೋಳುಗುಡ್ಡ ಇತ್ತಂತೆ, ಅದರ ತುದೀಲಿ ಮನೆಯಷ್ಟು ದಪ್ಪದ ಒಂದು ಗುಂಡು, ಅದನ್ನ ನೆತ್ತಿಗುಂಡು ಅಂತಿದ್ರಂತೆ. ಮಟಮಟ ಮಧ್ಯಾಹ್ನ, ನೆರಳು ಬಂದು ಕಾಲಡಿಗೆ ಸೇರ್ಕೊಳ್ಳುತ್ತಲ್ಲ, ಆ ಹೊತ್ತಲ್ಲಿ ಆ ಕಡೆ ಯಾರೂ ಹೋಗ್ತಿರ್ಲಿಲ್ಲವಂತೆ. ಅಲ್ಲಿ ಒಬ್ಬ ಇದಾನೆ ಅಂತ ಊರಿಗೆಲ್ಲ ಗೊತ್ತು, ಹೆಸರು ಹೇಳೋರಿಲ್ಲ. ಹೇಳ್ಲೇಬೇಕು ಅಂದ್ರೆ ಗುಂಡಿನೋನು ಅಂತಿದ್ರಂತೆ, ಅದೂ ಮೆಲ್ಲಗೆ.

ಆ ಊರಲ್ಲಿ ಮೂಡ್ಲಯ್ಯ ಅಂತ ತಮಟೆ ಬಾರಿಸೋನು ಇದ್ನಂತೆ. ಮದುವೆಗೂ ಅವನೇ, ದೇವರಿಗೂ ಅವನೇ, ಸತ್ತೋರನ್ನ ಸಾಗಿಸೋಕೂ ಅವನೇ. ಅವನಿಗೆ ಮೂರು ಮಕ್ಕಳು, ದೊಡ್ಡವನು ಕೆಂಚ, ನಡುವಿನವನು ಸೀಬ, ಕೊನೇದು ಹೆಣ್ಣು, ಬೊಮ್ಮಕ್ಕ, ಮನೇಲಿ ಬೊಮ್ಮಿ ಬೊಮ್ಮಿ ಅಂತಿದ್ರಂತೆ. ಊರಿಗೆ ಬೇಕಾದ ಪೆಟ್ಟು ಒಂಬತ್ತು. ಹಸೆಮಣೆದು ಒಂದು, ದೇವರು ಹೊರಡೋದು ಒಂದು, ಹೆಣ ಎತ್ತೋದು ಒಂದು, ಹಿಂಗೆ. ಇವನ್ನ ಮೂಡ್ಲಯ್ಯ ಬೆಂಕಿ ಹಾಕಿ ತಮಟೆ ಕಾಯಿಸಿ, ಚರ್ಮ ಬಿಗಿ ಆದ್ಮೇಲೆ ಮೂರೂ ಮಕ್ಕಳ ಕಿವಿಗೆ ಬೀಳೋ ಹಂಗೆ ಹೇಳ್ಕೊಡ್ತಿದ್ನಂತೆ. ಆಮೇಲೆ ತಮಟೆ ಗೂಟಕ್ಕೆ ನೇತುಹಾಕಿ ಒಂದು ಗೋಣಿಮೂಟೆ ಎಳೀತಿದ್ನಂತೆ, ಒಳಗೆಲ್ಲ ರಾಗಿ ಹೊಟ್ಟು. ಅದರ ಮೇಲೆ ಇನ್ನೂ ಇಪ್ಪತ್ತೊಂದು ಪೆಟ್ಟು ಹೇಳ್ಕೊಡೋನು. ಏಡಿನಡೆ ಅಂತೆ, ಕುಂಟೆತ್ತು ಅಂತೆ, ಸೋರುಗಡಿಗೆ ಅಂತೆ, ಎಂತೆಂಥವೋ ಹೆಸರು. ಹೊಟ್ಟಿನ ಮೂಟೆ ಮೇಲೆ ಹೊಡೆದ್ರೆ ಸದ್ದೆಲ್ಲಿ ಬರುತ್ತೆ, ಬರೀ ಪುಸ್ ಪುಸ್ ಅನ್ನುತ್ತೆ, ಧೂಳೇಳುತ್ತೆ, ಸೀನು ಬರುತ್ತೆ. ಅವನ ಕಟ್ಟಪ್ಪಣೆ ಒಂದೇ.

"ಹೊಟ್ಟಿನ ಪೆಟ್ಟು ಚರ್ಮಕ್ಕೆ ಬೀಳಬಾರದು."

ಯಾಕೆ ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲವಂತೆ. ಎಲ್ಲಾ ಕಲ್ತವರಿಗೆ ಕೊನೇಲಿ ಹೇಳ್ತೀನಿ ಅಂತಿದ್ನಂತೆ. ಕೆಂಚ ಎರಡು ವರ್ಷ ಸೀನಿ ಸೀನಿ, ಇದು ಮದುವೆಗೆ ಬೇಡ, ದೇವರಿಗೆ ಬೇಡ, ಹೆಣಕ್ಕೂ ಬೇಡ, ಯಾವನಿಗೆ ಬೇಕು ಅಂತ ಎದ್ದುಹೋದ್ನಂತೆ. ಸೀಬ ಒಂದು ವರ್ಷಕ್ಕೇ ಎದ್ದ. ಅವನ ಕೈ ಭಾರೀ ಚುರುಕು, ಪರ ಊರಿನ ಮೇಳದೋರ ಹೊಸ ಹೊಸ ಪೆಟ್ಟು ಒಂದ್ಸಲ ಕೇಳಿ ಎತ್ಕೊಂಡು ಬಂದುಬಿಡ್ತಿದ್ದ, ಜನ ಅವನ ಸುತ್ತ ಕುಣೀತಿದ್ರು, ಹೊಟ್ಟು ಬಡಿಯೋ ಕರ್ಮ ಅವನಿಗ್ಯಾಕೆ. ಉಳಿದವಳು ಬೊಮ್ಮಿ ಒಬ್ಬಳೇ. ಅವಳಿಗೇನು ಹೊಟ್ಟಿನ ಮೇಲೆ ಪ್ರೀತಿ ಅಂದ್ಕೊಂಡ್ಯಾ? ಹೆಣ್ಣುಮಗಳು ತಮಟೆ ಹೆಗಲಿಗೆ ಹಾಕ್ಕೊಂಡು ನಾಲ್ಕು ಜನರ ಮುಂದೆ ಹೋಗಂಗಿಲ್ಲ ಅಂತ ಊರಿನ ಕಟ್ಟು. ಅವಳ ಪಾಲಿಗೆ ಬಂದಿದ್ದು ಮೂಟೆ ಒಂದೇ, ಅದನ್ನೇ ಬಡಿದ್ಳು. ಇಪ್ಪತ್ತೊಂದರಲ್ಲಿ ಸೋರುಗಡಿಗೆ ಕಂಡ್ರೆ ಮಾತ್ರ ಅವಳಿಗೆ ಮೈಯೆಲ್ಲಾ ಉರಿಯೋದಂತೆ. ಮಿಕ್ಕಿದ್ದೆಲ್ಲ ಬಲಗೈಲಿ ಶುರು, ಇದೊಂದು ಎಡಗೈಲಿ. ಮೊದಲ ಸುತ್ತಿಗೆ ಏಳು ಪೆಟ್ಟು, ಆಮೇಲೆ ಆರು, ಆಮೇಲೆ ಐದು, ಹಿಂಗೆ ಸೋರಿ ಸೋರಿ ಒಂದಕ್ಕೆ ಬಂದು, ಆಮೇಲೆ ಒಂದು ಪೂರ್ತಿ ಸುತ್ತು ಕೈಯನ್ನ ಗಾಳೀಲಿ ಹಿಡ್ಕೊಂಡು ಸುಮ್ಮನಿರಬೇಕು, ಒಳಗೊಳಗೇ ಏಳೆಣಿಸಿ ಎಡಗೈಲಿ ಒಂದೇ ಒಂದು ಮುಗಿಸೋ ಪೆಟ್ಟು. ಹೊಡೆಯದೆ ಇರೋದನ್ನೂ ಕಲೀಬೇಕಾ ಅಂತ ಬೊಮ್ಮಿ ಅತ್ತಿದ್ಳಂತೆ. ಮೂಡ್ಲಯ್ಯ ಮೂಟೆ ಅವಳ ಕಡೆಗೇ ತಳ್ಳಿ, ಮಾಡು ಅಂದ್ನಂತೆ, ಅಷ್ಟೇ.

ಒಂದ್ಸಲ ಏನಾಯ್ತು, ಕೆರೆ ಸೋಪಾನದ ಹತ್ರ ಬಟ್ಟೆ ಒಗೆಯೋ ಹೆಂಗಸರೆಲ್ಲ ಸೇರ್ಕೊಂಡು, ತಮಟೆಯವನ ಮಗಳು ಹೊಟ್ಟು ಬಡೀತಾಳಂತೆ, ಧೂಳು ಹಾರಿಸೋದರಲ್ಲಿ ಎತ್ತಿದ ಕೈಯಂತೆ ಅಂತ ಆಡ್ಕೊಂಡ್ರಂತೆ. ಇವಳಿಗೆ ತಡೆಯೋಕಾಗ್ಲಿಲ್ಲ. ಮನೆಗೋಡಿ ಅಣ್ಣನ ತಮಟೆ ತಂದು, ಅಲ್ಲೇ ತರಗೆಲೆಗೆ ಬೆಂಕಿ ಕೊಟ್ಟು ಕಾಯಿಸಿ, ಏಡಿನಡೆ ಬಾರಿಸಿಬಿಟ್ಳಂತೆ. ಹೆಂಗಸರು ಬಾಯಿ ಬಿಟ್ಕೊಂಡು ನಿಂತ್ರು. ಅವಳು ನಿಲ್ಲಿಸಿದ್ಮೇಲೆ ನೆತ್ತಿಗುಂಡಿನ ಕಡೆಯಿಂದ ಅದೇ ಏಡಿನಡೆ ಒಂಚೂರು ತಪ್ಪಿ ಒಂದ್ಸಲ ಕೇಳಿಸ್ತಂತೆ. ಬಂಡೆಗೆ ತಾಗಿ ವಾಪಸ್ ಬಂತು ಅಂದ್ಕೊಂಡ್ರು ಎಲ್ಲರೂ. ಮೂಡ್ಲಯ್ಯ ಮಾತ್ರ ಹೊಲದಿಂದ ಓಡಿಬಂದು ಮಗಳ ಎರಡು ಕೈಯನ್ನೂ ಹಿಡ್ಕೊಂಡು ಗಡಗಡ ನಡುಗಿದ್ನಂತೆ. ಹೊಡೆದಿದ್ರೂ ಅವಳಿಗೆ ಅಷ್ಟು ಹೆದರಿಕೆ ಆಗ್ತಿರ್ಲಿಲ್ಲ.

ಇನ್ನೊಂದು ಮಾತು ಹೇಳೋದೇ ಮರೆತೆ ನೋಡು. ಆ ಊರಲ್ಲಿ ಸುಗ್ಗಿ ಮುಗಿದ ಮೇಲೆ ಬರೋ ಮೊದಲ ಅಮಾವಾಸ್ಯೆ ಮಧ್ಯಾಹ್ನ, ಮನೆಮನೇಲೂ ಹೆಂಗಸರು ಒರಳಿಗೆ ಒನಕೆ ಹಾಕಿ ಕುಟ್ಟಬೇಕಿತ್ತಂತೆ. ಭತ್ತ ಇಲ್ಲದೋರು ಬರೀ ಹೊಟ್ಟಾದ್ರೂ ಹಾಕ್ಕೊಂಡು ಕುಟ್ಟಬೇಕು, ಊರೆಲ್ಲ ಒನಕೆ ಸದ್ದು ತುಂಬಬೇಕು. ಆ ಸದ್ದಿನ ನಡುವೆ ಮೂಡ್ಲಯ್ಯ ಒಬ್ಬನೇ ತಮಟೆ ಹಿಡ್ಕೊಂಡು ಗುಡ್ಡದ ಬುಡಕ್ಕೆ ಹೋಗಿ, ಸ್ವಲ್ಪ ಹೊತ್ತಿಗೆ ಬೆವರಲ್ಲಿ ತೊಯ್ದು ವಾಪಸ್ ಬರ್ತಿದ್ನಂತೆ. ಅಲ್ಲಿ ಏನು ಬಾರಿಸ್ದ ಅಂತ ಯಾರ ಕಿವಿಗೂ ಬಿದ್ದಿಲ್ಲ.

ಹಿಂಗಿರುವಾಗ ಒಂದು ವರ್ಷ ಸುಗ್ಗೀಲಿ ಮೂಡ್ಲಯ್ಯನಿಗೆ ಲಕ್ವ ಹೊಡೀತಂತೆ. ಬಲಗೈ ಬಿತ್ತು, ನಾಲಿಗೆ ಬಿತ್ತು. ಚಾಪೆ ಮೇಲೆ ಮಲಗಿದೋನು ಎಡಗೈಲಿ ಹೊಟ್ಟಿನ ಮೂಟೆ ತೋರಿಸೋನು. ತಲೆಗೆ ಕೇಳ್ತಾನೆ ಅಂತ ಅದನ್ನ ದಿಂಬು ಮಾಡಿ ಕೊಟ್ರಂತೆ ಮಕ್ಕಳು. ಅವನು ತಲೆ ಪಕ್ಕಕ್ಕೆ ಸರಿಸ್ಕೊಂಡು ಎಡಗೈ ಬೆರಳಲ್ಲಿ ಮೂಟೆ ಮೇಲೆ ಪುಸ್ ಪುಸ್ ಅಂತ ಕುಟ್ಟೋನು, ನಿಲ್ಲಿಸೋನು, ಮತ್ತೆ ಕುಟ್ಟೋನು, ಕಣ್ಣಲ್ಲಿ ನೀರು ಸುರೀತಿತ್ತಂತೆ. ಬಲಗೈ ಬಿದ್ದಿದೆ, ಪಾಪ ಎಡಗೈ ಆಡಿಸ್ತಾನೆ ಅಂದ್ಕೊಂಡ್ಳು ಬೊಮ್ಮಿ. ಮೊದಲೇ ಬಾಯಿಬಿಟ್ಟು ಹೇಳಿದ್ರೆ ಏನು ಗಂಟು ಹೋಗ್ತಿತ್ತು ಅಂತೀಯಾ? ನಂಗೂ ಅವನ ಮೇಲೆ ಅದೇ ಸಿಟ್ಟು.

ಅಮಾವಾಸ್ಯೆ ಬಂತಂತೆ. ಒನಕೆ ಕುಟ್ಟಿದ್ರು, ಗುಡ್ಡದ ಬುಡಕ್ಕೆ ಮಾತ್ರ ಯಾರೂ ಹೋಗ್ಲಿಲ್ಲ. ಮೂರು ದಿನ ಏನೂ ಆಗ್ಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಬೀದೀಲಿ ಒಂದು ನಾಯಿ ಬೊಗಳ್ತಾ ಇತ್ತಂತೆ, ಬಾಯಿ ತೆರೀತಿದೆ, ಕತ್ತು ಎಗರಿಸ್ತಿದೆ, ಸದ್ದಿಲ್ಲ. ಆಮೇಲೆ ಆಡಿನ ಕೊರಳಗಂಟೆ ಅಲ್ಲಾಡ್ತು, ಸದ್ದಿಲ್ಲ. ಆಮೇಲೆ ಕೆಂಚನ ಹೆಂಡತಿ ಕಿಟಾರನೆ ಕಿರುಚ್ಕೊಂಡು ಹೊರಗೆ ಬಂದ್ಳಂತೆ, ಅವಳ ಕಂಕುಳಲ್ಲಿ ಮೂರು ತಿಂಗಳ ಕೂಸು. ಕೂಸು ಮುಖ ಕೆಂಪಗೆ ಮಾಡ್ಕೊಂಡು ಬಾಯಿ ಅಗಲಿಸಿ ಅಳ್ತಾ ಇದೆ, ಒಂಚೂರೂ ಸದ್ದಿಲ್ಲ. ಅದೆಷ್ಟು ಹೊತ್ತಿಂದ ಅಳ್ತಿತ್ತೋ, ತೊಟ್ಟಿಲ ಪಕ್ಕದಲ್ಲೇ ಕೂತಿದ್ದ ತಾಯಿಗೇ ಗೊತ್ತಾಗಿಲ್ಲ. ಸೆರಗು ಬಿಗಿಯಾಗಿ ಹಿಡ್ಕೊಂಡ್ಯಾ? ಹಿಡ್ಕೋ. ಆಗ ನೆತ್ತಿಗುಂಡಿನ ಕಡೆಯಿಂದ ಟಕ್ ಟಕ್ ಅಂತ ಕೇಳಿಸ್ತಂತೆ, ಬಾಗಿಲು ತಟ್ಟಿ ಕರೆಯೋ ಹಂಗೆ.

ಕೆಂಚ ತಮಟೆ ಕಾಯಿಸ್ಕೊಂಡು ಹೊರಟ್ನಂತೆ. ಅಪ್ಪ ಹೋಗ್ತಿದ್ದ ಜಾಗ, ನಾನು ದೊಡ್ಡ ಮಗ, ನನ್ನ ಕೂಸಿನ ಅಳು ನಾನೇ ತರ್ತೀನಿ ಅಂದ್ನಂತೆ. ಬೊಮ್ಮಿ, ಸೀಬ, ಊರಿನ ನಾಲ್ಕು ಜನ ಹುಣಸೇಮರದ ಮರೇಲಿ ನಿಂತು ನೋಡಿದ್ರಂತೆ. ಬಂಡೆಯಿಂದ ಒಂದು ತುಂಡು ಕಳಚ್ಕೊಂಡು ನಿಂತಂಗೆ ಗುಂಡಿನೋನು ನಿಂತ. ಆಳೆತ್ತರದ ಮೇಲೆ ಇನ್ನೊಂದಾಳೆತ್ತರ. ಮುಖದಲ್ಲಿ ಕಣ್ಣಿರ್ಲಿಲ್ಲವಂತೆ ಮಗಾ, ಕಣ್ಣಿರೋ ಜಾಗದಲ್ಲೂ ಕಿವಿ. ಹಿಂದೆ ಯಾವತ್ತೋ ಕಾಣೆಯಾಗಿದ್ದ ಒಬ್ಬ ಕುರಿ ಕಾಯೋ ಮುದುಕನ ಗಂಟಲಲ್ಲಿ ಮಾತಾಡ್ದನಂತೆ. ಮೂರು ಪೆಟ್ಟು ಕೊಡು, ನಾನು ತಿರುಗಿಸಿ ಕೊಡ್ತೀನಿ, ಒಂದರಲ್ಲಿ ನಾನು ತಪ್ಪಿದ್ರೂ ತಗೊಂಡಿದ್ದೆಲ್ಲ ವಾಪಸ್, ಮೂರೂ ಸರಿ ಬಂದ್ರೆ ನೀನು ನನ್ನ ಹಿಂದೆ ಬಾ ಅಂದ್ನಂತೆ.

ಕೆಂಚ ಹಸೆಮಣೆ ಪೆಟ್ಟು ಬಾರಿಸ್ದ. ಅವನು ತನ್ನ ಪಕ್ಕೆಲುಬಿನ ಮೇಲೆ ಬೆರಳಾಡಿಸಿ ಅದನ್ನೇ ಬಾರಿಸ್ದ, ಒಂದು ಪೆಟ್ಟೂ ತಪ್ಪಲಿಲ್ಲ. ಕೆಂಚ ಕಾಲು ನೆಲಕ್ಕೆ ಅಪ್ಪಳಿಸ್ದ, ಸದ್ದಿಲ್ಲ. ಕಾಲಿನ ಸದ್ದು ಹೋಗಿತ್ತು. ಆಮೇಲೆ ದೇವರ ಪೆಟ್ಟು, ಅದೂ ತಿರುಗಿ ಬಂತು, ಕೆಂಚನ ಗಂಟಲಿನ ಸದ್ದು ಹೋಯ್ತು. ಆಮೇಲೆ ಹೆಣದ ಪೆಟ್ಟು, ಅದೂ ಬಂತು. ಊರು ಹುಟ್ಟಿದಾಗಿಂದ ಗುಂಡಿನ ಮೇಲೆ ಕೂತು ಕೇಳ್ತಾ ಇದ್ದೋನಿಗೆ ಅವನ್ನೆಲ್ಲ ತಿರುಗಿಸೋದು ಏನು ಮಹಾ? ಕೆಂಚ ತಮಟೆ ಹೊಡೀತಾನೆ, ಸದ್ದಿಲ್ಲ, ಬಾಯಿ ತೆಗೆದು ತಂಗೀನ ಕರೀತಾನೆ, ಸದ್ದಿಲ್ಲ. ಹಗ್ಗ ಹಾಕಿದ ಕರು ಹಂಗೆ ಅವನ ಹಿಂದೆ ಗುಡ್ಡ ಹತ್ತಿ ಹೋದ್ನಂತೆ.

ಮಾರನೇ ದಿನ ಮಧ್ಯಾಹ್ನ ಸೀಬ ಹೋದ. ಹಳೇದು ಹೊಡೆದು ಅಣ್ಣ ಕೆಟ್ಟ, ನನ್ನವು ಪರ ಊರಿನ ಹೊಸವು, ನನ್ನ ಕೈ ಓಟಕ್ಕೆ ಅವನ ಬೆರಳು ಮುರಿದುಹೋಗುತ್ತೆ ಅಂದ್ನಂತೆ. ನಿಜವಾಗ್ಲೂ ಮಳೆಹನಿ ಬಿದ್ದಂಗೆ ಬಾರಿಸ್ದ. ಆದ್ರೆ ಊರವರನ್ನ ಕುಣಿಸೋಕೆ ಅಂತ ಅದೇ ಪೆಟ್ಟನ್ನ ಎಷ್ಟು ಸಂಜೆ ಬಾರಿಸಿದ್ನೋ, ಅಷ್ಟು ಸಂಜೆ ಗುಂಡಿನೋನೂ ಕೇಳಿದ್ದ. ಸೀಬನಿಗಿಂತ ಚುರುಕಾಗಿ ತಿರುಗಿಸಿ ಕೊಟ್ನಂತೆ, ಮೂರನ್ನೂ. ಸೀಬನೂ ಸದ್ದಿಲ್ಲದೆ ಹಿಂದೆ ಹೋದ.

ಅವತ್ತು ಸಂಜೆಗೆ ಊರಲ್ಲಿ ಒನಕೆ ಸದ್ದೂ ಹೋಯ್ತು, ಗಾಳಿಗೆ ಎಲೆ ಅಲ್ಲಾಡೋ ಸದ್ದೂ ಹೋಯ್ತು. ಅತ್ತಿಗೆ ಕೂಸಿನ ಮುಖದಿಂದ ಕಣ್ಣು ತೆಗೀದೆ ಕೂತಿದ್ಳಂತೆ, ರೆಪ್ಪೆ ಮುಚ್ಚಿದ್ರೆ ಅದು ಅತ್ತಿದ್ದು ಗೊತ್ತಾಗಲ್ವಲ್ಲ. ಬೊಮ್ಮಿ ಅಪ್ಪನ ಹತ್ರ ಕೂತ್ಳು. ಅವನ ಎಡಗೈ ಮೂಟೆ ಮೇಲೆ ಆಡ್ತಾನೇ ಇತ್ತು. ಆಗ ಅವಳಿಗೆ ಒಂದು ಹೊಳೀತು. ಅಣ್ಣಂದಿರು ಎಲ್ಲರಿಗೂ ಗೊತ್ತಿರೋದನ್ನೇ ಬಾರಿಸಿ ಸೋತ್ರು, ಯಾರೂ ಕೇಳದೆ ಇರೋದು ಅಂದ್ರೆ ಹೊಟ್ಟಿನ ಪೆಟ್ಟು, ಅಪ್ಪ ಗುಡ್ಡದ ಬುಡದಲ್ಲಿ ವರ್ಷಕ್ಕೊಂದು ಅದನ್ನೇ ಕೊಟ್ಟು ಗುಂಡಿನೋನನ್ನ ಸೋಲಿಸಿ ಬರ್ತಿದ್ದ, ಊರಿನ ಬಾಯಿಗೆ ಬಿದ್ದು ಹಳೇದಾಗಬಾರದು ಅಂತಾನೇ ಒನಕೆ ಕುಟ್ಟಿಸ್ತಿದ್ದ. ಹೋಗ್ಲಾ ಅಂತ ಕೇಳಿದ್ಳಂತೆ. ಅಪ್ಪ ಕಣ್ಣು ಮುಚ್ಚಿ ತೆಗೆದ.

ಮೂರನೇ ಮಧ್ಯಾಹ್ನ ಬೊಮ್ಮಿ ತಮಟೆ ಕಾಯಿಸಿ ಹೆಗಲಿಗೆ ಹಾಕ್ಕೊಂಡು ಬೀದೀಲೇ ನಡೆದು ಹೋದ್ಳಂತೆ. ಹೆಣ್ಣು ತಮಟೆ ಹೊತ್ಕೊಂಡು ಹೋಗ್ತಾಳೆ ಅನ್ನೋಕೆ ಅವತ್ತು ಯಾರಿಗೂ ಬಾಯಿ ಬರ್ಲಿಲ್ಲ. ಗುಡ್ಡದ ಬುಡದಲ್ಲಿ ನೆರಳು ಅವಳ ಪಾದದ ಕೆಳಗೆ ಸರ್ಕೊಂಡಿತು. ಅವನು ಬಂದ. ಬಾ ಬೊಮ್ಮಿ ಅಂದ, ಕೆಂಚನ ಗಂಟಲಲ್ಲಿ. ಅಣ್ಣನ ಬಾಯಲ್ಲಿ ಎಷ್ಟು ಪ್ರೀತಿಯಿಂದ ಬರ್ತಿತ್ತೋ ಅದೇ ರಾಗದಲ್ಲಿ.

ಹೆದರಿಕೇಲಿ ಕೈ ತಾನಾಗೇ ಹೋಗಿದ್ದು ಅವಳಿಗೆ ಚೆನ್ನಾಗಿ ಬರೋ ಏಡಿನಡೆಗೆ. ಬಾರಿಸೋಕೆ ಶುರುಮಾಡಿದ್ಮೇಲೆ ಕೆರೆ ಸೋಪಾನ ನೆನಪಾಯ್ತು, ನಿಲ್ಲಿಸೋ ಹಂಗಿಲ್ಲ. ಅವನು ಕಿವಿಗಳನ್ನೆಲ್ಲ ಅಲ್ಲಾಡಿಸಿ ನಕ್ಕು, ಏಡಿನಡೆ ಪೂರ್ತಿ ತಿರುಗಿಸಿ ಕೊಟ್ಟ. ಬೊಮ್ಮಿ ಕಾಲಿನ ಸದ್ದು ಹೋಯ್ತು, ಕೈಬಳೆ ಸದ್ದೂ ಹೋಯ್ತು. ಅವತ್ತು ಆಡ್ಕೊಂಡೋರ ಮುಂದೆ ಮೆರೆಯೋಕೆ ಹೋಗಿ ಒಂದು ಪೆಟ್ಟು ಕಳ್ಕೊಂಡೆನಲ್ಲ ಅಂತ ತನ್ನನ್ನೇ ಬೈಕೊಂಡ್ಳು.

ಎರಡನೇದು ಕುಂಟೆತ್ತು ಬಾರಿಸಿದ್ಳು. ಬಿಗಿಯಾದ ಚರ್ಮದ ಮೇಲೆ ಕೋಲು ತಾನೇ ಎಗರುತ್ತೆ, ಹೊಟ್ಟಿನ ಮೇಲೆ ಹೂತ ಕೋಲನ್ನ ಪ್ರತಿ ಸಲ ಎತ್ತಿ ಎತ್ತಿ ಗಟ್ಟಿಯಾದ ಮಣಿಕಟ್ಟು ಅವಳದ್ದು, ಒಂದೂ ತಪ್ಪದೆ ಬಂತು. ಅವನು ಪಕ್ಕೆಲುಬು ಮುಟ್ಟಿ ನೋಡ್ಕೊಂಡ. ಆಮೇಲೆ ಅದನ್ನೂ ತಿರುಗಿಸಿ ಕೊಟ್ಟ.

"ಇದನ್ನ ನಿಮ್ಮಪ್ಪ ಹನ್ನೊಂದು ವರ್ಷದ ಹಿಂದೇನೇ ಕೊಟ್ಟಿದ್ದ. ಇನ್ನೊಂದು ಕೊಡು."

ಈಗ ಸೀಬನ ಗಂಟಲು. ಅಷ್ಟು ಹೊತ್ತಿಗೆ ಬೊಮ್ಮಿ ಗಂಟಲಿನ ಸದ್ದು ಹೋಗಿತ್ತು. ಅಪ್ಪಾ ಅಂತ ಕೂಗಿದ್ಳು, ತನ್ನ ಕಿವಿಗೇ ಕೇಳಿಸ್ಲಿಲ್ಲ. ಮೇಲೆ ಬಂಡೆ ಮೇಲೆ ಅಣ್ಣಂದಿರಿಬ್ಬರೂ ಕೂತಿದ್ರಂತೆ, ಸೊಂಟದವರೆಗೂ ಆಗ್ಲೇ ಬಂಡೆ ಬಣ್ಣ. ಉಳಿದಿದ್ದು ಒಂದೇ ಪೆಟ್ಟು. ಯಾವುದನ್ನ ಅಪ್ಪ ಮೊದಲೇ ಕೊಟ್ಟಿದ್ದಾನೆ, ಯಾವುದನ್ನ ಕೊಟ್ಟಿಲ್ಲ, ಇವಳಿಗೇನು ಗೊತ್ತು? ಇಪ್ಪತ್ತೊಂದನ್ನೂ ಒಂದೊಂದಾಗಿ ನೆನೆಸ್ಕೊಂಡ್ಳು, ತಲೆಯೆಲ್ಲ ಗಿರ್ ಅಂತು. ಆಮೇಲೆ ಅಪ್ಪನ ಬೆರಳು ಕಣ್ಮುಂದೆ ಬಂತಂತೆ. ಪುಸ್ ಪುಸ್ ಅಂತ ಕುಟ್ಟೋನು, ಕಮ್ಮಿ ಕಮ್ಮಿ ಕುಟ್ಟೋನು, ನಿಲ್ಲಿಸೋನು, ಆಮೇಲೆ ಒಂದು. ಎಡಗೈಲಿ. ಬಲಗೈ ಬಿದ್ದಿದ್ದಕ್ಕಲ್ಲ. ಆ ಪೆಟ್ಟು ಶುರುವಾಗೋದೇ ಎಡಗೈಲಿ.

ಬೊಮ್ಮಿ ಎಡಗೈ ಎತ್ತಿದ್ಳು. ಏಳು, ಆರು, ಐದು. ಹತ್ತು ವರ್ಷ ಅತ್ಕೊಂಡು, ಬೈಕೊಂಡು, ಸೀನ್ಕೊಂಡು ಬಡಿದಿದ್ದ ಪೆಟ್ಟು. ನಾಲ್ಕು, ಮೂರು, ಎರಡು, ಒಂದು. ಆಮೇಲೆ ಕೋಲನ್ನ ಗಾಳೀಲಿ ಹಿಡ್ಕೊಂಡು ನಿಂತ್ಳು. ಅವಳಿಗೆ ತನ್ನ ಉಸಿರೂ ಕೇಳಿಸ್ತಿಲ್ಲ, ಎದೆ ಬಡಿಯೋದೂ ಕೇಳಿಸ್ತಿಲ್ಲ, ಏನೂ ಇಲ್ಲ. ಬೇರೆಯವರಾಗಿದ್ರೆ ಅಲ್ಲೇ ಲೆಕ್ಕ ತಪ್ಪೋರು. ಇವಳು ಕಲಿತಿದ್ದೇ ಸದ್ದಿಲ್ಲದ ಮೂಟೆ ಮೇಲೆ. ಕಾಲಿನ ಹೆಬ್ಬೆರಳನ್ನ ಮಣ್ಣಿಗೆ ಒತ್ತಿ ಒತ್ತಿ ಏಳೆಣಿಸಿದ್ಳು, ಕಣ್ಣಿಲ್ಲದೋನಿಗೆ ಅದು ಕಾಣಿಸ್ಲಿಲ್ಲ. ಆಮೇಲೆ ಎಡಗೈಲಿ ಒಂದು.

ಗುಂಡಿನೋನು ಪಕ್ಕೆಲುಬಿನ ಮೇಲೆ ಬೆರಳಿಟ್ಟ. ಏಳು ಸರಿ ಬಂತು, ಆರು ಸರಿ ಬಂತು, ಐದು, ನಾಲ್ಕೂ ಸರಿ ಬಂತು. ಮೂರು, ಎರಡು, ಒಂದೂ ಸರಿ ಬಂತು. ಆಮೇಲೆ ಸುಮ್ಮನಾದ. ಬೆರಳು ಗಾಳೀಲೇ ನಿಂತಿತ್ತು. ಸದ್ದು ಕದ್ದು ಕದ್ದು ಹೊಟ್ಟೆ ಹೊರೆದವನು, ಸದ್ದೇ ಇಲ್ಲದ್ದನ್ನ ಹೆಂಗೆ ಹಿಡ್ಕೋತಾನೆ? ಕಿವಿಗಳನ್ನೆಲ್ಲ ನಿಗುರಿಸಿ ಕೇಳಿದ, ಕೇಳೋಕೆ ಏನೂ ಇಲ್ಲ. ನಾಲ್ಕು ಎಣಿಸೋ ಅಷ್ಟರಲ್ಲಿ ತಡೀಲಾರದೆ ಟಕ್ ಅಂತ ಹೊಡೆದುಬಿಟ್ಟ.

"ತಪ್ಪು" ಅಂದ್ಳಂತೆ ಬೊಮ್ಮಿ. ಆ ಮಾತು ಅವಳ ಕಿವಿಗೆ ಕೇಳಿಸ್ತು.

ಆಮೇಲೆ ಅವನು ಬಾಯಿ ತೆರೆದ, ಅವನ ಬಾಯಿಂದ ಸದ್ದಿಲ್ಲ. ಹಿಂದೆ ಹಿಂದೆ ಸರಿದು ಗುಂಡಿನೊಳಗೆ ಸೇರ್ಕೊಂಡ್ನಂತೆ. ಮೊದಲು ಆಡಿನ ಗಂಟೆ ಕೇಳಿಸ್ತು, ಆಮೇಲೆ ಎಲೆ ಸದ್ದು, ಆಮೇಲೆ ಬಂಡೆ ಮೇಲಿಂದ ಧಡಧಡ ಇಳಿಯೋ ಕಾಲ್ಸದ್ದು. ಕೆಂಚ ಸೀಬ ಇಬ್ಬರೂ ಬೊಮ್ಮೀ ಬೊಮ್ಮೀ ಅಂತ ಅರಚ್ಕೊಂಡು ಬಂದು ಅವಳನ್ನ ಅಪ್ಕೊಂಡ್ರು. ಅವರ ಹಿಂದೇನೇ ಆ ಕುರಿ ಕಾಯೋ ಮುದುಕನೂ ಇಳಿದುಬಂದು, ನನ್ನ ಕುರಿ ಎಲ್ಲಿ ಅಂತ ಕೇಳಿದ್ನಂತೆ. ಊರೊಳಗೆ ಕಾಲಿಡೋ ಹೊತ್ತಿಗೆ ಒಂದೇ ಸಮ ಕೂಸಿನ ಅಳು. ಅತ್ತಿಗೆ ಸಮಾಧಾನ ಮಾಡ್ಲಿಲ್ಲವಂತೆ, ಅಳು ನನ್ನಪ್ಪ, ಇನ್ನೂ ಅಳು ಅಂತ ನಗ್ತಾ ಕಣ್ಣೀರು ಸುರಿಸ್ತಾ ಕೂತಿದ್ಳಂತೆ.

ಮೂಡ್ಲಯ್ಯನಿಗೆ ಮಾತು ಬರ್ಲಿಲ್ಲ, ಅದು ಲಕ್ವ ತಗೊಂಡಿದ್ದು, ಗುಂಡಿನೋನು ತಗೊಂಡಿದ್ದಲ್ಲ. ಮಗಳ ಎಡಗೈಯನ್ನ ತನ್ನ ಎಡಗೈಲಿ ಹಿಡ್ಕೊಂಡು ಕೆನ್ನೆಗೆ ಒತ್ತಿಕೊಂಡ್ನಂತೆ. ಆವತ್ತಿಂದ ಬೊಮ್ಮಿ ತಮಟೆ ಹಿಡಿದು ಹೋಗೋದನ್ನ ಊರು ತಡೀಲಿಲ್ಲ. ಅವಳಿಗೆ ಒಳ್ಳೇ ಕಡೆ ಮದುವೆ ಆಯ್ತು, ಗಂಡನೇ ಬಂದು ಅವಳೂರಲ್ಲಿ ನಿಂತ, ಮಕ್ಕಳಾದ್ವು. ಆದ್ರೆ ಇಪ್ಪತ್ತೊಂದರಲ್ಲಿ ಕೊನೇದಾಗಿ ಉಳಿದಿದ್ದ ಸೋರುಗಡಿಗೇನೂ ಖರ್ಚಾಯ್ತಲ್ಲ ಮಗಾ, ಅವನ ಕಿವಿಗೆ ಬಿತ್ತಲ್ಲ. ಮುಂದಿನ ಸುಗ್ಗಿಗೆ ಇನ್ನೊಂದು ಬೇಕು. ಅದಕ್ಕೇ ಬೊಮ್ಮಿ ಗುಡ್ಡದಿಂದ ಬಂದ ಮೂರನೇ ದಿನಕ್ಕೇ ಮೂಟೆ ಎಳ್ಕೊಂಡು ಕೂತ್ಳು, ಹೊಸ ಪೆಟ್ಟು ಕಟ್ಟೋಕೆ. ಯಾಕೆ ಅಂತ ಮಾತ್ರ ಮೊದಲ ದಿನಾನೇ ಎಲ್ಲರಿಗೂ ಹೇಳಿಬಿಟ್ಳಂತೆ, ಅಪ್ಪನ ಹಂಗೆ ಬಾಯಿ ಹೊಲ್ಕೊಂಡು ಕೂರಲಿಲ್ಲ. ಅವಳ ಎಡಕ್ಕೆ ಕೆಂಚ, ಬಲಕ್ಕೆ ಸೀಬ, ಇಬ್ಬರೂ ಸೀನ್ತಾ ಸೀನ್ತಾ ಬಡಿದ್ರು.

ಈಗ್ಲೂ ಮಟಮಟ ಮಧ್ಯಾಹ್ನ ಬೋಳುಗುಡ್ಡದ ಹತ್ರ ಹೋದ್ರೆ ಟಕ್ ಟಕ್ ಕೇಳಿಸುತ್ತಂತೆ. ಏಳು, ಆರು, ಐದು. ಆಮೇಲೆ ಸುಮ್ಮನೆ, ಆಮೇಲೆ ಅವಸರದಲ್ಲಿ ಒಂದು, ತಪ್ಪು. ಮತ್ತೆ ಮೊದಲಿಂದ. ಅವನೂ ಬಿಡದೆ ಅಭ್ಯಾಸ ಮಾಡ್ತಾನೇ ಇದಾನಂತೆ.

ಎಲ್ಲಿಗೆ ಎದ್ದೆ? ಕೋಲು ತಗೊಳೋಕಾ? ಬೇಡ, ನಾಳೆ ಬೆಳಿಗ್ಗೆ ನಾನೇ ಬಗ್ಗಿ ತೆಗೆದುಕೊಡ್ತೀನಿ, ಬಡಿಯೋಕೆ ದಿಂಬು ನನ್ನದೇ ತಗೋ, ಮೆತ್ತಗಿದೆ. ಕೂಸಿನ ಅಳು ಕೂಸಿಗೆ ಬಂತು, ಅಣ್ಣಂದಿರು ಮನೆಗೆ ಬಂದ್ರು, ಇನ್ನು ನಿನ್ನ ಕಣ್ಣಿಗೆ ನಿದ್ದೆ ಬರ್ಲಿ, ಕತೆ ಮುಗೀತು.